ಪಿಲ್ಟ್‌ಡೌನ್ ಮೋಸ ತಿಳಿದ ಮೇಲೂ ವಿಜ್ಞಾನಿಗಳ ಒಮ್ಮತವನ್ನು ನಂಬಬೇಕೆ?

ಹುಣಸೆಮರ: ನಮ್ಮ ಭಾವನವರದು ಒಂದೇ ವಾದ. ಇಂಗ್ಲೆಂಡಿನ ಘಟಾನುಘಟಿಗಳು 1912ರ ಪಿಲ್ಟ್‌ಡೌನ್ ತಲೆಬುರುಡೆಯನ್ನು (ಮನುಷ್ಯನ ಬುರುಡೆಗೆ ವಾನರನ ದವಡೆ ಸೇರಿಸಿದ ನಕಲಿ) ಮನುಷ್ಯನ ಪೂರ್ವಜನದೆಂದು ನಂಬಿದರು, ರಷ್ಯಾದಲ್ಲಿ ಸರ್ಕಾರ ಹೇಳಿದ್ದೇ ವಿಜ್ಞಾನವಾಯಿತು. ಹೀಗಿರುವಾಗ ಹವಾಮಾನ ಬದಲಾವಣೆಯ ಬಗ್ಗೆ ‘ಒಮ್ಮತವಿದೆ’ ಎಂದರೆ ತಲೆಯಾಡಿಸಬೇಕೆ? ನಾನು ಲೆಕ್ಕ ಪರಿಶೋಧಕ. ಒಂದು ಸುಳ್ಳು ರಸೀದಿ ಸಿಕ್ಕರೆ ನಾವು ಇಡೀ ಪುಸ್ತಕವನ್ನೇ ಅನುಮಾನಿಸುತ್ತೇವೆ. ವಿಜ್ಞಾನಕ್ಕೇಕೆ ಬೇರೆ ನ್ಯಾಯ?

ಕಲ್ಲುಸುತ್ತಿಗೆ: ಬೇರೆ ನ್ಯಾಯ ಬೇಡ, ಅನುಮಾನಿಸಲಿ. ನಾನು ಭೂವಿಜ್ಞಾನ ಕಲಿಸಿದವನು. ಇಂಗ್ಲೆಂಡಿನವರೆಗೆ ಹೋಗುವುದೇ ಬೇಡ. ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದ ವಿ. ಜೆ. ಗುಪ್ತಾ ಹಿಮಾಲಯದಲ್ಲಿ ಸಿಕ್ಕವೆಂದು ಹೇಳಿ ಪಳೆಯುಳಿಕೆಗಳ ಮೇಲೆ ಮುನ್ನೂರಕ್ಕೂ ಹೆಚ್ಚು ಪ್ರಬಂಧ ಪ್ರಕಟಿಸಿದರು. ಅವುಗಳಲ್ಲಿ ಕೆಲವು ಮೊರಾಕ್ಕೊದ ಸುರುಳಿ ಚಿಪ್ಪುಗಳು, ಪ್ಯಾರಿಸ್ಸಿನ ಅಂಗಡಿಯಲ್ಲಿ ಕಾಸು ಕೊಟ್ಟರೆ ಸಿಗುವಂಥವು! ಸೂಕ್ಷ್ಮದರ್ಶಕದಲ್ಲಷ್ಟೇ ಕಾಣುವ, ಹಲ್ಲಿನಂಥ ಪುಟ್ಟ ಪಳೆಯುಳಿಕೆಗಳಾದ ಕೊನೊಡಾಂಟ್‌ಗಳಂತೂ ನ್ಯೂಯಾರ್ಕ್ ರಾಜ್ಯದ ಒಂದು ಹಳ್ಳದ ಮಾದರಿಗಳೊಂದಿಗೆ ತದ್ರೂಪಿ. ಇದನ್ನು 1989ರಲ್ಲಿ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಬಯಲಿಗೆಳೆದವರು ಆಸ್ಟ್ರೇಲಿಯಾದ ಜಾನ್ ಟ್ಯಾಲೆಂಟ್, ಅದೇ ಕಸುಬಿನವರು.

ಪಿಲ್ಟ್‌ಡೌನ್ ಕಥೆಯಲ್ಲೂ ಎಲ್ಲರೂ ತಲೆಯಾಡಿಸಿರಲಿಲ್ಲ. ದವಡೆ ವಾನರನದು ಎಂದು ಲಂಡನ್ನಿನ ಡೇವಿಡ್ ವಾಟರ್‌ಸ್ಟನ್ 1913ರಲ್ಲೇ ಹೇಳಿದ್ದರು. ತೊಂದರೆಯಿದ್ದದ್ದು ಬೇರೆ ಕಡೆ: ಹೆಚ್ಚಿನವರ ಕೈಗೆ ಬಂದದ್ದು ಎರಕ ಹೊಯ್ದ ನಕಲು, ಮೂಳೆಯಲ್ಲ. 1953ರಲ್ಲಿ ಮೂಳೆಯನ್ನೇ ಪರೀಕ್ಷಿಸಿದಾಗ ಹಲ್ಲುಗಳ ಮೇಲೆ ಅರದಿಂದ ಉಜ್ಜಿದ ಗೀರುಗಳು ಕಂಡವು.

ಬೀಜದಬುಟ್ಟಿ: ರಷ್ಯಾದ ಉದಾಹರಣೆ ಭಾವನವರಿಗೇ ತಿರುಗುಬಾಣ. ತಳಿವಿಜ್ಞಾನದಲ್ಲಿ ಒಮ್ಮತವಿದ್ದದ್ದು ಅನುವಂಶೀಯತೆಯ ನಿಯಮ ಕಂಡ ಮೆಂಡೆಲ್ ಕಡೆಗೆ. ಅದನ್ನು ಪ್ರಶ್ನಿಸಿದವನು ಸೋವಿಯತ್ ಕೃಷಿತಜ್ಞ ಲೈಸೆಂಕೊ, ಅವನ ಬೆನ್ನಿಗಿದ್ದವನು ಸ್ಟಾಲಿನ್. ಅಲ್ಲಿನ ಕೃಷಿ ಅಕಾಡೆಮಿಯ 1948ರ ಆಗಸ್ಟ್ ಅಧಿವೇಶನದಲ್ಲಿ ಲೈಸೆಂಕೊ ತನ್ನ ವರದಿಗೆ ಕಮ್ಯುನಿಸ್ಟ್ ಪಕ್ಷದ ಕೇಂದ್ರ ಸಮಿತಿಯ ಒಪ್ಪಿಗೆಯಿದೆ ಎಂದ. ಚರ್ಚೆ ಅಲ್ಲಿಗೆ ಮುಗಿಯಿತು. ಅವನನ್ನು ವಿರೋಧಿಸಿದ್ದ, ಜಗತ್ತಿನ ಬೀಜಗಳನ್ನೆಲ್ಲ ಕೂಡಿಟ್ಟಿದ್ದ ಸಸ್ಯವಿಜ್ಞಾನಿ ವವಿಲೋವ್ 1943ರಲ್ಲೇ ಸರಾತೊವ್ ಜೈಲಿನಲ್ಲಿ ಸತ್ತಿದ್ದರು.

ಒಗ್ಗರಣೆ: ‘ವಿಜ್ಞಾನ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ’ ಎಂದು ಬೆನ್ನು ತಟ್ಟಿಕೊಳ್ಳುವುದು ಸುಲಭ. ಗುಪ್ತಾ ಇಪ್ಪತ್ತು ವರ್ಷ ಬರೆಯುತ್ತಲೇ ಇದ್ದರಲ್ಲ? ಸಹಲೇಖಕರು ಹೆಸರು ಹಾಕುವ ಮುನ್ನ ಆ ಬಂಡೆಯ ಬಳಿ ಹೋಗಿ ನೋಡಿದ್ದುಂಟೆ? ಬಯಲಾದ ಮೇಲೂ ವಿಶ್ವವಿದ್ಯಾಲಯ ಅವರನ್ನು ಮನೆಗೆ ಕಳುಹಿಸಲಿಲ್ಲ.

ಕಲ್ಲುಸುತ್ತಿಗೆ: ನಿಜ, ಅದು ನಮ್ಮವರ ನಾಚಿಕೆಗೇಡು. ಒಬ್ಬನೇ ಆರಿಸಿ ತಂದು ಒಬ್ಬನೇ ಜಾಗ ಹೇಳುವ ವಿದ್ಯೆಯಲ್ಲಿ ಮೋಸ ಬಹುಕಾಲ ಬಾಳುತ್ತದೆ. ಭೂಮಿಯ ತಾಪಮಾನದ ದಾಖಲೆ ಹಾಗಲ್ಲ, ಬೇರೆ ಬೇರೆ ದೇಶಗಳ ತಂಡಗಳು ಅದನ್ನು ಪ್ರತ್ಯೇಕವಾಗಿ ಲೆಕ್ಕ ಹಾಕುತ್ತವೆ. ಹುಣಸೆಮರ ಅವರೇ, ನಿಮ್ಮ ಕಸುಬಿನ ಕೆಲಸವನ್ನೇ ಇಲ್ಲೊಬ್ಬರು ಮಾಡಿದ್ದಾರೆ. ಬರ್ಕ್‌ಲಿಯ ಭೌತವಿಜ್ಞಾನಿ ರಿಚರ್ಡ್ ಮುಲ್ಲರ್ ಈ ಅಂಕಿಗಳನ್ನು ನಂಬದೆ ಮೊದಲಿನಿಂದ ಲೆಕ್ಕ ಹಾಕಿದರು. ಹಣದಲ್ಲಿ ಒಂದು ಪಾಲು ತೈಲೋದ್ಯಮಿ ಚಾರ್ಲ್ಸ್ ಕೋಕ್ ಅವರ ಪ್ರತಿಷ್ಠಾನದ್ದು. 2012ರಲ್ಲಿ ಮುಲ್ಲರ್ ಬರೆದದ್ದು: ಭೂಮಿ ಬಿಸಿಯಾಗುತ್ತಿರುವುದು ದಿಟ, ಕಾರಣ ಬಹುಮಟ್ಟಿಗೆ ಪೂರ್ತಿ ಮನುಷ್ಯನೇ. ಮೂಲ ಅಂಕಿಗಳು ಜಾಲತಾಣದಲ್ಲಿವೆ.

ಹುಣಸೆಮರ: ಧನ್ಯವಾದ. ಭಾವನವರಿಗೆ ಮೊದಲು ಆ ಲೆಕ್ಕಕ್ಕೆ ಹಣ ಕೊಟ್ಟವರು ಯಾರೆಂದು ಹೇಳಿ, ಆಮೇಲೆ ಫಲಿತಾಂಶ ಹೇಳುತ್ತೇನೆ.