ಲ್ಯಾಪ್‌ಟಾಪಿಗೆ ಚರ್ಮದ ಕವರನ್ನು ಕೈಯಲ್ಲೇ ಹೊಲಿಯಲು ಯಾವ ಚರ್ಮ, ಎಷ್ಟು ಅಳತೆ?

ಪ್ರಶ್ನೆ (ಬಸವನಗುಡಿ)

ಎಲ್ಲರಿಗೂ ನಮಸ್ಕಾರ. ನನ್ನ 13 ಇಂಚಿನ ಮ್ಯಾಕ್‌ಬುಕ್ ಏರ್ (ಎಂ2) ಲ್ಯಾಪ್‌ಟಾಪಿಗೆ ಮುಚ್ಚಳವಿರುವ ಚರ್ಮದ ಕವರೊಂದನ್ನು ನಾನೇ ಹೊಲಿಯಬೇಕೆಂದಿದ್ದೇನೆ. ಅಂಗಡಿಯಲ್ಲಿ ಚರ್ಮ ಕೇಳಿದಾಗ ಬೂದುನೀಲಿ ಅಂಚಿನ ಮೆತ್ತನೆಯದೊಂದನ್ನೂ ಕಂದು ಬಣ್ಣದ ಬಿರುಸಾದುದೊಂದನ್ನೂ ತೋರಿಸಿದರು. ಇವೆರಡರಲ್ಲಿ ಯಾವುದನ್ನು ಕೊಳ್ಳಬೇಕು, ಲ್ಯಾಪ್‌ಟಾಪಿನ ಅಳತೆಗಿಂತ ಎಷ್ಟು ಹೆಚ್ಚಿಗೆ ಕತ್ತರಿಸಬೇಕು ಎಂಬುದು ತಿಳಿಯುತ್ತಿಲ್ಲ. ಮನೆಯಲ್ಲಿರುವುದು ಬಟ್ಟೆ ಹೊಲಿಯುವ ಯಂತ್ರ ಮಾತ್ರ, ಆದ್ದರಿಂದ ಹೊಲಿಗೆ ಕೈಯಲ್ಲೇ ಆಗಬೇಕು. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1

ನೀವು ನೋಡಿದ ಬೂದುನೀಲಿ ಅಂಚಿನದು ಕ್ರೋಮಿಯಂ ಲವಣದಿಂದ ಹದ ಮಾಡಿದ ಚರ್ಮ, ಕಂದು ಬಣ್ಣದ್ದು ಬಹುಶಃ ಮರದ ತೊಗಟೆ, ಕಾಯಿಗಳ ಒಗರಿನಿಂದ ಹದ ಮಾಡಿದ್ದು. ನಮ್ಮ ಕಡೆ ಹಿಂದಿನಿಂದಲೂ ತಂಗಡಿ ತೊಗಟೆಯನ್ನೂ ಅಳಲೆಕಾಯಿಯನ್ನೂ ಈ ಕೆಲಸಕ್ಕೆ ಬಳಸಲಾಗುತ್ತಿತ್ತು. ಅಥಣಿ, ನಿಪ್ಪಾಣಿ ಕಡೆಯ ಚಪ್ಪಲಿಗಳ ಚರ್ಮವೂ ಈ ಬಗೆಯದೇ. ಲ್ಯಾಪ್‌ಟಾಪ್ ಕವರಿಗೆ ನನ್ನ ಮತ ಎರಡನೆಯದಕ್ಕೆ. ಅದು ಆಕಾರ ಹಿಡಿದು ನಿಲ್ಲುತ್ತದೆ ಮತ್ತು ಅದರ ಅಂಚನ್ನು ನೀರು ಸವರಿ ಉಜ್ಜಿಯೇ ಹೊಳಪಿಗೆ ತರಬಹುದು. ಕ್ರೋಮ್ ಚರ್ಮ ನೀರನ್ನು ಚೆನ್ನಾಗಿ ತಾಳುತ್ತದೆಯಾದರೂ ಅದರ ಅಂಚು ಉಜ್ಜಿದರೆ ಕೂಡಿಕೊಳ್ಳುವುದಿಲ್ಲ, ಮಡಚಿ ಹೊಲಿಯಬೇಕು ಇಲ್ಲವೇ ಬಣ್ಣದ ಲೇಪ ಕೊಡಬೇಕು.

ಕಂದು ಬಣ್ಣ ಹಾಕಿದ ಕ್ರೋಮ್ ಚರ್ಮವೂ ಮಾರುಕಟ್ಟೆಯಲ್ಲಿ ಸಿಗುವುದರಿಂದ ಬಣ್ಣವೊಂದನ್ನೇ ನಂಬಬೇಡಿ. ಚೂರೊಂದನ್ನು ಕೇಳಿ ಪಡೆದು, ಉಗುರಿನಿಂದ ಒತ್ತಿ, ಒಂದು ಹನಿ ನೀರು ಬಿಟ್ಟು ನೋಡಿ. ಮೇಲೆ ಲೇಪವಿಲ್ಲದ ತೊಗಟೆ ಹದದ ಚರ್ಮದಲ್ಲಿ ಉಗುರಿನ ಗುರುತು ಉಳಿಯುತ್ತದೆ, ನೀರು ಬಿದ್ದ ಜಾಗ ಬೇಗನೆ ಕಪ್ಪಾಗುತ್ತದೆ. ಒಳಪದರ ಹಾಕುವುದಿಲ್ಲವಾದರೆ 2 ಮಿ.ಮೀ. ದಪ್ಪದ್ದು ಸಾಕು. 3 ಮಿ.ಮೀ. ಚರ್ಮ ಬೆಲ್ಟಿಗೆ ಸರಿಯೇ ಹೊರತು ಇಲ್ಲಿ ಬರಿಯ ಭಾರ.

ಉತ್ತರ 2

ಅಳತೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಕವರು ಕೆಡುವುದು ಹೆಚ್ಚಾಗಿ ಇಲ್ಲಿಯೇ. ನಿಮ್ಮ ಲ್ಯಾಪ್‌ಟಾಪಿನ ಅಗಲ 30.41, ಆಳ 21.5, ದಪ್ಪ 1.13 ಸೆಂ.ಮೀ. ಚರ್ಮವು ಎರಡೂ ಬದಿಯ ದಪ್ಪವನ್ನು ಸುತ್ತಿಕೊಂಡು ಹೋಗಬೇಕಾದ್ದರಿಂದ ಅಗಲಕ್ಕೆ ದಪ್ಪವನ್ನು ಒಮ್ಮೆ ಕೂಡಿಸಬೇಕು, ಅಂದರೆ ಸುಮಾರು 31.5. ಅದಕ್ಕೆ ಸರಾಗವಾಗಿ ಜಾರಲು ಅರ್ಧ ಸೆಂ.ಮೀ. ಸೇರಿಸಿದರೆ ಎರಡು ಹೊಲಿಗೆ ಸಾಲುಗಳ ನಡುವೆ 32 ಸೆಂ.ಮೀ. ಇರಬೇಕೆಂದಾಯಿತು. ಹೊಲಿಗೆಯ ಹೊರಗೆ ಎರಡೂ ಕಡೆ 5 ಮಿ.ಮೀ. ಅಂಚು ಬಿಟ್ಟರೆ ಒಟ್ಟು ಅಗಲ 33. ತಳದಲ್ಲಿ ಮಡಚಿದ ಒಂದೇ ತುಂಡಿನಿಂದ ಮಾಡುವುದಾದರೆ ಉದ್ದಕ್ಕೆ 23, ಮತ್ತೆ 23, ಮುಚ್ಚಳಕ್ಕೆ 12, ಒಟ್ಟು 58 ಸೆಂ.ಮೀ. ಬೇಕಾಗುತ್ತದೆ. ಲೆಕ್ಕದಲ್ಲಿ ಇದು ಎರಡು ಚದರಡಿಗೆ ತುಸು ಮೇಲಾದರೂ, ಚರ್ಮದ ಅಂಚು ಎಂದೂ ನೇರವಾಗಿರುವುದಿಲ್ಲವಾದ್ದರಿಂದ ಚದರಡಿ ಎಣಿಸುವುದನ್ನು ಬಿಟ್ಟು, 33ಕ್ಕೆ 58ರ ರಟ್ಟೊಂದನ್ನು ಕತ್ತರಿಸಿ ಅಂಗಡಿಗೇ ಕೊಂಡೊಯ್ದು, ಚರ್ಮದ ಮೇಲಿಟ್ಟು ನೋಡಿಯೇ ಕೊಳ್ಳಿ. ಹೊಟ್ಟೆಯ ಭಾಗದ ಚರ್ಮ ಎಳೆದರೆ ಹಿಗ್ಗುತ್ತದೆ, ಬೆನ್ನಿನ ಭಾಗವನ್ನೇ ಆರಿಸಿ.

ಬಡಗಿಯಿಂದ 12 ಮಿ.ಮೀ. ಪ್ಲೈವುಡ್ಡಿನಲ್ಲಿ ಲ್ಯಾಪ್‌ಟಾಪಿನ ಅಗಲ, ಆಳಗಳ ಹಲಗೆಯೊಂದನ್ನು ಕತ್ತರಿಸಿ, ಮೂಲೆ ದುಂಡಾಗಿಸಿಟ್ಟುಕೊಳ್ಳಿ. ದಪ್ಪ ಹೆಚ್ಚು ಕಡಿಮೆ ಸರಿಯಾಗಿ ಹೊಂದುತ್ತದೆ. ಹೊಲಿದ ಮೇಲೆ ಕವರನ್ನು ಒದ್ದೆ ಮಾಡಿ, ಪ್ಲಾಸ್ಟಿಕ್ ಸುತ್ತಿದ ಈ ಹಲಗೆಯನ್ನು ಒಳಗೆ ತಳ್ಳಿ, ಅಂಚುಗುಂಟ ಮರದ ಚಮಚದ ಬೆನ್ನಿನಿಂದ ಒತ್ತಿ, ಪೂರ್ತಿ ಒಣಗುವವರೆಗೂ ನೆರಳಿನಲ್ಲಿಡಿ. ಚರ್ಮ ಒಣಗುವಾಗ ಕೊಂಚ ಕುಗ್ಗುವುದರಿಂದ ಹಲಗೆಯನ್ನು ನಡುವೆ ತೆಗೆಯಬಾರದು. ಒದ್ದೆ ಚರ್ಮಕ್ಕೆ ಕಬ್ಬಿಣದ ಮೊಳೆಯಾಗಲಿ ಕ್ಲಿಪ್ಪಾಗಲಿ ತಾಗದಂತೆಯೂ ನೋಡಿಕೊಳ್ಳಿ. ಒಗರು ಮತ್ತು ಕಬ್ಬಿಣ ಸೇರಿದರೆ ಕಪ್ಪು ಕಲೆಯಾಗುತ್ತದೆ. ಹಿಂದೆ ಅಳಲೆಕಾಯಿ, ಅನ್ನಭೇದಿ (ಕಬ್ಬಿಣದ ಲವಣ) ಬೆರೆಸಿ ಮಸಿ ಮಾಡುತ್ತಿದ್ದುದು ಇದೇ ಗುಣದಿಂದ, ಆ ಕಲೆ ಸುಲಭವಾಗಿ ಹೋಗುವಂಥದಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ರಟ್ಟಿನ ಸಲಹೆ ಬಹಳ ಉಪಯುಕ್ತವಾಗಿದೆ. ಮುಚ್ಚಳಕ್ಕೆ ಅಯಸ್ಕಾಂತದ ಗುಂಡಿ ಹಾಕಬಹುದೇ?

ಉತ್ತರ 3

ಹಾಕದಿರುವುದು ಒಳ್ಳೆಯದು. ಪರದೆ ಮಡಚಿ ಮುಚ್ಚಿದ್ದನ್ನು ಹೆಚ್ಚಿನ ಲ್ಯಾಪ್‌ಟಾಪುಗಳು ತಿಳಿಯುವುದೇ ಅಯಸ್ಕಾಂತದ ಸಂವೇದಕದಿಂದ. ಹೊರಗಿನ ಅಯಸ್ಕಾಂತವೂ ಪರದೆಯನ್ನು ಆರಿಸಬಲ್ಲುದು. ಟ್ಯಾಬ್ಲೆಟ್ಟುಗಳಲ್ಲೂ ಹೀಗೆಯೇ. ಅಲ್ಲದೆ ಗುಂಡಿಯ ಲೋಹದ ಹಿಂಬದಿ ಒಳಗೆ ಉಜ್ಜಿ ಗೀರು ಬೀಳುತ್ತದೆ. ಮುಂಭಾಗಕ್ಕೆ ಚರ್ಮದ ಪಟ್ಟಿಯೊಂದನ್ನು ಅಡ್ಡಲಾಗಿ ಹೊಲಿದು, ಮುಚ್ಚಳದ ತುದಿಯನ್ನು ಅದರೊಳಗೆ ತೂರಿಸುವಂತೆ ಮಾಡಿ. ಆ ಪಟ್ಟಿಯನ್ನು ಬದಿಗಳನ್ನು ಕೂಡಿಸುವ ಮೊದಲೇ ಹೊಲಿದುಬಿಡಬೇಕು.

ಉತ್ತರ 4

ಯಂತ್ರವಿಲ್ಲವೆಂಬ ಚಿಂತೆ ಬೇಡ, ಈ ಕೆಲಸಕ್ಕೆ ಕೈಹೊಲಿಗೆಯೇ ಮೇಲು. ಯಂತ್ರದ ಹೊಲಿಗೆಯಲ್ಲಿ ಮೇಲಿನ ದಾರ ಮತ್ತು ಕೆಳಗಿನ ದಾರ ಒಂದನ್ನೊಂದು ಕೊಕ್ಕೆ ಹಾಕಿಕೊಂಡಿರುವುದರಿಂದ ಒಂದು ಹರಿದರೆ ಸಾಲು ಬಿಚ್ಚಿಕೊಳ್ಳುತ್ತಾ ಹೋಗಬಹುದು. ಕೈಯಲ್ಲಿ ಒಂದೇ ದಾರದ ಎರಡು ತುದಿಗೂ ಸೂಜಿ ಪೋಣಿಸಿ, ಪ್ರತಿ ತೂತಿನಲ್ಲೂ ಎರಡೂ ಕಡೆಯಿಂದ ದಾಟಿಸಿದರೆ ಒಂದು ಎಳೆ ಸವೆದು ಹರಿದರೂ ಇನ್ನೊಂದು ಹಿಡಿದಿರುತ್ತದೆ. ಸೂಜಿ ಮೊಂಡು ಮೊನೆಯದಾಗಿರಲಿ, ಇಲ್ಲವಾದರೆ ಅದು ಮೊದಲು ದಾಟಿದ ದಾರವನ್ನೇ ಸೀಳುತ್ತದೆ. ದಾರ 0.8 ಮಿ.ಮೀ. ಪಾಲಿಯೆಸ್ಟರ್, ಜೇನುಮೇಣ ಸವರಿದ್ದು. ಹೊಲಿಗೆಯ ಉದ್ದದ ನಾಲ್ಕರಷ್ಟು ದಾರ ಬೇಕಾಗುವುದರಿಂದ, ಸೂಜಿ ಪೋಣಿಸಲು ಕೊಂಚ ಹೆಚ್ಚಿಗೆ ಸೇರಿಸಿ, 23 ಸೆಂ.ಮೀ. ಬದಿಯೊಂದಕ್ಕೆ 1.2 ಮೀಟರ್ ತೆಗೆದುಕೊಳ್ಳಿ.

ತೂತುಗಳನ್ನು ಮೊದಲೇ 4 ಮಿ.ಮೀ. ಅಂತರದಲ್ಲಿ ಹಲ್ಲುಳಿಯಿಂದ ಗುರುತು ಮಾಡಿ ಕೊಡತಿಯಿಂದ ಹೊಡೆಯಬೇಕು. ಎಡಗೈ ಸೂಜಿ ಮೊದಲು, ಬಲಗೈ ಸೂಜಿ ಅನಂತರ ಎಂದು ಕ್ರಮ ಹಿಡಿದರೆ ಕೊನೆಯ ತೂತಿನವರೆಗೂ ಅದನ್ನು ಬದಲಿಸಬೇಡಿ. ಹೊಲಿಗೆಯ ಓರೆ ಒಂದೇ ಸಮನಾಗಿ ಬರುವುದು ಆ ಕ್ರಮದಿಂದಲೇ. ಮುಚ್ಚಳ ತೆರೆಯುವ ಕಡೆ ಎಳೆತ ಹೆಚ್ಚಾದ್ದರಿಂದ ಅಲ್ಲಿ ಎರಡು ಬಾರಿ ಸುತ್ತಿ, ಕೊನೆಗೆ ಎರಡು ಮೂರು ತೂತು ಹಿಂದಕ್ಕೆ ಹೊಲಿದು ದಾರ ಕತ್ತರಿಸಿ, ತುದಿಯನ್ನು ಬೆಂಕಿ ತೋರಿಸಿ ಕರಗಿಸಿ.

ಅಂಚನ್ನು ಸ್ಯಾಂಡ್‌ಪೇಪರಿನಿಂದ ಸಮಮಾಡಿ, ನೀರು ಸವರಿ, ಒರಟು ಬಟ್ಟೆಯಿಂದ ಬಿಸಿಯಾಗುವಷ್ಟು ಉಜ್ಜಿ. ಮಳೆಗಾಲದಲ್ಲಿ ಕವರನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಬೂಷ್ಟು ಹಿಡಿಯುತ್ತದೆ, ಗಾಳಿಯಾಡುವ ಹತ್ತಿಬಟ್ಟೆಯಲ್ಲಿಡಿ.