ಏಳನೇ ತರಗತಿಯ ಮಗಳಿಗೆ ಮಧ್ಯಯುಗದ ಕಾದಂಬರಿ: ಡ್ರ್ಯಾಗನ್ ಇರಬಹುದೇ, ಇರಬಾರದೇ?

ಪ್ರಶ್ನೆ: ಕ್ಯಾಲಿಫೋರ್ನಿಯಾದಿಂದ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ನಾವು ಮೂಲತಃ ಶಿವಮೊಗ್ಗದವರು. ಇಲ್ಲಿ ಏಳನೇ ತರಗತಿಯ ಮಕ್ಕಳು ಇಡೀ ವರ್ಷ ಮಧ್ಯಯುಗದ ಮತ್ತು ಅದರ ಬೆನ್ನಿಗೆ ಬಂದ ಕಾಲದ ಇತಿಹಾಸವನ್ನು ಓದುತ್ತಾರೆ. ಪಾಠದ ಜೊತೆಗೆ ಆ ಕಾಲಕ್ಕೆ ಸಂಬಂಧಿಸಿದ ಒಂದು ಕಾದಂಬರಿಯನ್ನು ಓದಿ ವರದಿ ಬರೆಯಬೇಕೆಂದು ಮಗಳ ಶಿಕ್ಷಕಿ ಹೇಳಿದ್ದಾರೆ. ಮಗಳು ಎರಡು ವರ್ಷಗಳಿಂದ ಡ್ರ್ಯಾಗನ್ ಮತ್ತು ಮಾಂತ್ರಿಕರ ಕಥೆಗಳನ್ನು ಬಿಟ್ಟು ಬೇರೇನನ್ನೂ ಮುಟ್ಟಿಲ್ಲ. "ಕೋಟೆ ಇದೆ, ಕತ್ತಿ ಇದೆ, ರಾಜ ಇದ್ದಾನೆ, ಮಧ್ಯಯುಗಕ್ಕೆ ಇನ್ನೇನು ಬೇಕಮ್ಮಾ?" ಎಂದು ಅವಳು ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ.

ಹೊಳೆಯದಿದ್ದುದಕ್ಕೆ ಕಾರಣವೂ ಇದೆ. ಚಿಕ್ಕಂದಿನಲ್ಲಿ ನಾನು ಕುವೆಂಪು ಅವರ ಕಿಂದರಿಜೋಗಿಯನ್ನು ಬಾಯಿಪಾಠ ಮಾಡಿ, ಅವನು ತುಂಗೆಯ ದಡದಲ್ಲೇ, ನಮ್ಮೂರಿನ ಆಸುಪಾಸಿನಲ್ಲೇ ಎಲ್ಲೋ ಇದ್ದವನೆಂದು ನಂಬಿದ್ದೆ. 1284ರಲ್ಲಿ ಜರ್ಮನಿಯ ಹ್ಯಾಮೆಲಿನ್ ಪಟ್ಟಣದ ಮಕ್ಕಳು ಕಾಣೆಯಾದರೆಂಬ ಐತಿಹ್ಯದಲ್ಲಿ ಅವನ ಬೇರಿದೆ ಎಂಬುದು ತಿಳಿಯುವ ಹೊತ್ತಿಗೆ ನನಗೆ ಮದುವೆಯಾಗಿತ್ತು. ಹೀಗಿರುವ ನಾನು ಮಗಳಿಗೆ ಇದು ಇತಿಹಾಸ, ಇದು ಕಟ್ಟುಕಥೆ ಎಂದು ಗೆರೆ ಎಳೆದು ಹೇಳುವುದು ಹೇಗೆ?

ಇಂಥ ವರದಿಗೆ ಫ್ಯಾಂಟಸಿ ಕಾದಂಬರಿ ನಡೆದೀತೇ? ಮಾಯೆ ಮಂತ್ರಗಳಿಲ್ಲದಿದ್ದರೂ ಮಗು ಬೇಸರಪಡದೆ ಓದಿ ಮುಗಿಸಬಹುದಾದ ಪುಸ್ತಕಗಳು ಯಾವುವು? ಇನ್ನೊಂದು ಸಂಗತಿ: ನಮ್ಮ ಅತ್ತೆಯವರು ಆರು ತಿಂಗಳ ಮಟ್ಟಿಗೆ ಇಲ್ಲಿಗೆ ಬಂದಿದ್ದಾರೆ. ಮಗಳು ದಿನವೂ ಓದಿದ್ದನ್ನು ರಾತ್ರಿ ಅಜ್ಜಿಗೆ ಕನ್ನಡದಲ್ಲಿ ಹೇಳಬೇಕೆಂಬುದು ಮನೆಯ ಕರಾರು. ಆದ್ದರಿಂದ ಬಾಯಲ್ಲಿ ಹೇಳಲು ಬರುವಂಥ ಕಥೆಯಾದರೆ ಉತ್ತಮ.

ಉತ್ತರ 1: ನಿವೃತ್ತ ಇಂಗ್ಲಿಷ್ ಅಧ್ಯಾಪಕ, ಧಾರವಾಡ

ತಾಯಿ, ತಮ್ಮ ಮಗಳ ಪ್ರಶ್ನೆ ಚೆನ್ನಾಗಿದೆ, ಆದರೆ ಅದಕ್ಕೆ ಉತ್ತರವಿದೆ. ಡ್ರ್ಯಾಗನ್ ಕಥೆಗಳ ಕೋಟೆಯಲ್ಲಿ ಸಾಮಾನ್ಯವಾಗಿ ಮಲಗುಂಡಿಯೂ ಇರುವುದಿಲ್ಲ, ಕಂದಾಯವೂ ಇರುವುದಿಲ್ಲ. ರಾಜ ಊಟಕ್ಕೆ ಕೂಡುತ್ತಾನೆ, ಆದರೆ ಆ ತಟ್ಟೆಯೊಳಗಿನ ರೊಟ್ಟಿಯ ಗೋಧಿಯನ್ನು ಯಾರು ಬೆಳೆದರು, ಅವರ ಪಾಲಿಗೆ ಎಷ್ಟು ಉಳಿಯಿತು ಎಂಬ ಮಾತು ಬರುವುದಿಲ್ಲ. ಮಧ್ಯಯುಗವೆಂದರೆ ಮುಖ್ಯವಾಗಿ ಅದೇ ಮಾತು.

ನಾನಾದರೆ ಕ್ಯಾರೆನ್ ಕುಷ್‌ಮನ್ ಅವರ 'ದಿ ಮಿಡ್‌ವೈಫ್ಸ್ ಅಪ್ರೆಂಟಿಸ್' ಕೊಡುತ್ತೇನೆ. 1995ರಲ್ಲಿ ಬಂದ ಪುಸ್ತಕ, ಅಮೆರಿಕದ ಮಕ್ಕಳ ಸಾಹಿತ್ಯಕ್ಕೆ ಸಲ್ಲುವ ನ್ಯೂಬೆರಿ ಪದಕವನ್ನು ಮರುವರ್ಷವೇ ಪಡೆಯಿತು. ತೀರ ತೆಳುವಾದ ಪುಸ್ತಕ. ಮೊದಲ ಪುಟದಲ್ಲೇ ಒಬ್ಬ ಅನಾಥ ಹುಡುಗಿ ಚಳಿ ತಡೆಯಲಾರದೆ ತಿಪ್ಪೆಯೊಳಗೆ ಹುದುಗಿ ಮಲಗಿರುತ್ತಾಳೆ. ಮಾಗಿಯ ಬೆಳಗಿನಲ್ಲಿ ತಿಪ್ಪೆಯಿಂದ ಹಬೆ ಏಳುವುದನ್ನು ಕಂಡಿರುವ ನಮ್ಮ ಹಳ್ಳಿಯವರಿಗೆ ಅವಳು ಅಲ್ಲಿಗೇ ಏಕೆ ಹೋದಳೆಂದು ಬಿಡಿಸಿ ಹೇಳಬೇಕಾಗಿಲ್ಲ, ತಮ್ಮ ಅತ್ತೆಯವರಿಗಂತೂ ಹೇಳುವುದೇ ಬೇಡ. ಹೆಸರೇ ಇಲ್ಲದ ಆ ಹುಡುಗಿಯನ್ನು ಊರಿನ ಸೂಲಗಿತ್ತಿ ಚಾಕರಿಗೆ ಇಟ್ಟುಕೊಂಡು, ತಿಪ್ಪೆಯ ಹುಳುವಿನ ಹೆಸರಿನಿಂದಲೇ ಕರೆಯುತ್ತಾಳೆ. ಮುಂದೆ ಅವಳು ತನಗೆ ತಾನೇ ಒಂದು ಹೆಸರಿಟ್ಟುಕೊಳ್ಳುವ ಪ್ರಸಂಗವಿದೆ. ನಾನು ಆ ಭಾಗವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದಾಗಲೆಲ್ಲ ಹಿಂದಿನ ಬೆಂಚಿನವರೂ ಸುಮ್ಮನಾಗುತ್ತಿದ್ದರು.

ಓಟ, ಬೆನ್ನಟ್ಟುವಿಕೆ ಬೇಕೆನ್ನುವ ಮಗುವಾದರೆ ಆವಿ ಎಂಬ ಹೆಸರಿನ ಲೇಖಕರ 'ಕ್ರಿಸ್ಪಿನ್' ಇದೆ. ಕಾಲ 1377, ಸ್ಥಳ ಇಂಗ್ಲೆಂಡ್. ತಾಯಿ ಸತ್ತ ಕೂಡಲೇ ಹದಿಮೂರರ ಹುಡುಗನೊಬ್ಬನನ್ನು 'ತೋಳದ ತಲೆ' ಎಂದು ಸಾರಲಾಗುತ್ತದೆ, ಅಂದರೆ ಕಂಡವರು ಯಾರು ಬೇಕಾದರೂ ಅವನನ್ನು ಕೊಲ್ಲಬಹುದು. ಅವನ ಕೈಯಲ್ಲಿರುವ ಸೀಸದ ಶಿಲುಬೆಯ ಮೇಲೆ ಏನೋ ಬರೆದಿದೆ, ಆದರೆ ಅವನಿಗೆ ಓದಲು ಬಾರದು. ಓದು ಬಲ್ಲ ಮಗು ಓದಲು ಬಾರದವನ ಕಥೆಯನ್ನು ಉಸಿರು ಬಿಗಿಹಿಡಿದು ಓದುವುದನ್ನು ನೋಡಬೇಕು. ಫ್ಯಾಂಟಸಿಯನ್ನು ರಜೆಗೆ ಇಟ್ಟುಕೊಳ್ಳಲಿ.

ಉತ್ತರ 2: ಇಬ್ಬರು ಗಂಡುಮಕ್ಕಳ ತಂದೆ, ಬೆಂಗಳೂರು

ಮೇಷ್ಟ್ರ ಮಾತಿನ ಅರ್ಧವನ್ನು ಒಪ್ಪುತ್ತೇನೆ. ಕುಷ್‌ಮನ್ ಅವರ ಪುಸ್ತಕ ನಮ್ಮ ಮನೆಯಲ್ಲೂ ಇದೆ. ಆದರೆ ಫ್ಯಾಂಟಸಿಯನ್ನು ರಜೆಗೆ ಎತ್ತಿಡಬೇಕೆಂಬುದನ್ನು ಒಪ್ಪಲಾರೆ, ಏಕೆಂದರೆ ಒಳ್ಳೆಯ ಫ್ಯಾಂಟಸಿ ಬರೆದವರಲ್ಲಿ ಕೆಲವರು ಮಧ್ಯಯುಗವನ್ನು ಅರೆದು ಕುಡಿದವರು. ಟೋಲ್ಕಿನ್ ಆಕ್ಸ್‌ಫರ್ಡ್‌ನಲ್ಲಿ ಹಳೆಯ ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದರು. 1937ರಲ್ಲಿ ಬಂದ 'ದಿ ಹಾಬಿಟ್'ನಲ್ಲಿ ನಿಧಿ ಕಾಯುವ ಡ್ರ್ಯಾಗನ್ನಿನ ಬಳಿಯಿಂದ ಒಂದು ಬಟ್ಟಲನ್ನು ಕದಿಯುವ ಪ್ರಸಂಗವಿದೆಯಲ್ಲ, ಅದು ಹಳೆಯ ಇಂಗ್ಲಿಷಿನ ಮಹಾಕಾವ್ಯ 'ಬೇವುಲ್ಫ್'ನಿಂದ ಬಂದದ್ದು. ಕುಬ್ಜರ ಹೆಸರುಗಳಲ್ಲಿ ಬಹುಪಾಲು ಹಳೆಯ ನಾರ್ಸ್ ಭಾಷೆಯ ಒಂದು ಪದ್ಯದವು. (ಈ ಪುಸ್ತಕದ ಹಸ್ತಪ್ರತಿಯನ್ನು ಓದಿ, ಅಚ್ಚು ಹಾಕಬಹುದೆಂದು ವರದಿ ಬರೆದುಕೊಟ್ಟವನು ಪ್ರಕಾಶಕರ ಹತ್ತು ವರ್ಷದ ಮಗ, ಅದಕ್ಕೆ ಅವನಿಗೆ ಸಿಕ್ಕ ಸಂಭಾವನೆ ಒಂದು ಶಿಲ್ಲಿಂಗ್. ತಮ್ಮ ಮಗಳಿಗೆ ವರದಿ ಬರೆಯುವ ಬೇಸರ ಬಂದಾಗ ಇದನ್ನು ಹೇಳಿನೋಡಿ.)

ನಮ್ಮ ಹಿರಿಯ ಮಗ ಏಳನೇ ತರಗತಿಯವರೆಗೂ ಪುಸ್ತಕವನ್ನು ಕಂಡರೆ ದೂರ ಓಡುತ್ತಿದ್ದ. ಅವನನ್ನು ಹಿಡಿದು ಕೂರಿಸಿದ್ದು ಆಸ್ಟ್ರೇಲಿಯಾದ ಜಾನ್ ಫ್ಲಾನಗನ್ ಅವರ 'ರೇಂಜರ್ಸ್ ಅಪ್ರೆಂಟಿಸ್' ಸರಣಿ. ಓದಲು ಒಲ್ಲೆನೆನ್ನುತ್ತಿದ್ದ ತಮ್ಮ ಮಗನಿಗಾಗಿ ಫ್ಲಾನಗನ್ ಬರೆದ ಸಣ್ಣ ಕಥೆಗಳೇ ಮುಂದೆ ಈ ಸರಣಿಯಾಗಿ ಬೆಳೆದವು. ಮಧ್ಯಯುಗದ ಇಂಗ್ಲೆಂಡನ್ನು ಹೋಲುವ ಒಂದು ಕಲ್ಪಿತ ರಾಜ್ಯ, ಅದರಲ್ಲಿ ಬಿಲ್ಲುಗಾರಿಕೆ ಮತ್ತು ಬೇಹುಗಾರಿಕೆ ಕಲಿಯುವ ಹುಡುಗ. ನಮ್ಮವನು ಬಿಡದೆ ಓದುತ್ತಾ ಹೋದ. ಒಂದು ರಾತ್ರಿ ಎದ್ದು ಬಂದು, "ಅಪ್ಪಾ, ಇವರು ಕಾಡಿನಲ್ಲಿ ಕೂತು ಜೇನುತುಪ್ಪ ಹಾಕಿದ ಕಾಫಿ ಕುಡಿಯುತ್ತಿದ್ದಾರೆ, ಆಗ ಕಾಫಿ ಎಲ್ಲಿತ್ತು?" ಎಂದು ಕೇಳಿದ. ಯುರೋಪಿನಲ್ಲಿ ಕಾಫಿ ಬಳಕೆಗೆ ಬಂದದ್ದು ಹದಿನೇಳನೇ ಶತಮಾನದಲ್ಲಿ. ನಮ್ಮ ಬಾಬಾಬುಡನ್‌ಗಿರಿಗೆ ಬೀಜ ಬಂದದ್ದೂ ಅದೇ ಶತಮಾನದಲ್ಲೆಂಬ ಪ್ರತೀತಿ ಇದೆ. ಅಂದಿನಿಂದ ನಮ್ಮ ಮನೆಯಲ್ಲಿ ಅದೇ ಒಂದು ಆಟವಾಯಿತು. ಯಾವ ಪುಸ್ತಕ ತೆರೆದರೂ ಆಲೂಗಡ್ಡೆ, ಟೊಮೇಟೊ, ಮೆಣಸಿನಕಾಯಿಗಳನ್ನು ಹುಡುಕುವುದು, ಅವು ಅಮೆರಿಕ ಖಂಡಗಳಿಂದ ಹೊರಗೆ ಬಂದದ್ದು ಕೊಲಂಬಸ್ಸನ ನಂತರ ಎಂದು ಲೇಖಕರ ತಪ್ಪು ಹಿಡಿಯುವುದು. ಟೋಲ್ಕಿನ್ ಅವರೂ 'ಹಾಬಿಟ್'ನ ಮೊದಲ ಮುದ್ರಣದಲ್ಲಿ ತಣ್ಣನೆಯ ಕೋಳಿಮಾಂಸದ ಜೊತೆ ಟೊಮೇಟೊ ಇಟ್ಟಿದ್ದರು. 1966ರ ಪರಿಷ್ಕರಣೆಯಲ್ಲಿ ಅದನ್ನು ತೆಗೆದು ಉಪ್ಪಿನಕಾಯಿ ಮಾಡಿದರು. ಇಷ್ಟು ಗಮನಿಸುವ ಮಗು ಇತಿಹಾಸವನ್ನೂ ಕಲಿಯುತ್ತಿದೆಯೆಂದೇ ನನ್ನ ಎಣಿಕೆ.

ಹುಟ್ಟು ರಾಜಕುಮಾರರ ಕಥೆಗಳು ಬೇಸರವೆನಿಸಿದರೆ ಲಾಯ್ಡ್ ಅಲೆಕ್ಸಾಂಡರ್ ಅವರ ಪ್ರಿಡೇನ್ ಸರಣಿಯನ್ನು ನೋಡಿ. 1964ರಿಂದ 1968ರವರೆಗೆ ಬಂದ ಐದು ಪುಸ್ತಕಗಳು, ವೇಲ್ಸ್‌ನ ಹಳೆಯ ಕಥೆಗಳ ಹಿನ್ನೆಲೆ, ನಾಯಕನ ಹುದ್ದೆ ಹಂದಿ ಕಾಯುವವನ ಸಹಾಯಕ. ಅರ್ಸುಲಾ ಲೆ ಗ್ವಿನ್ ಅವರ 'ಎ ವಿಜರ್ಡ್ ಆಫ್ ಅರ್ತ್‌ಸೀ' ಕೂಡ 1968ರದೇ. ಅದರ ಮಾಂತ್ರಿಕ ಬಾಲ್ಯದಲ್ಲಿ ಮೇಕೆ ಕಾಯುವವನು, ಮೈಬಣ್ಣ ಕಂದು. ಆ ಕಾಲದ ಫ್ಯಾಂಟಸಿಯಲ್ಲಿ ಇದು ಅಪರೂಪವಾಗಿತ್ತು.

ಉತ್ತರ 3: ಶಾಲಾ ಗ್ರಂಥಪಾಲಕಿ, ಮೈಸೂರು

ಇಬ್ಬರ ಮಾತೂ ಓದಿದೆ. ನಾನು ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಪುಸ್ತಕ ಕೊಡುವವಳು. ಫ್ಯಾಂಟಸಿ ಕೇಳಿಕೊಂಡು ಬಂದ ಮಗುವಿಗೆ ಅದನ್ನೇ ಕೊಟ್ಟು, ಜೊತೆಗೆ ಅದೇ ಕಾಲದ ಮಾಯೆಯಿಲ್ಲದ ಒಂದು ತೆಳು ಪುಸ್ತಕವನ್ನೂ ಕೈಗಿಡುವುದು ನನ್ನ ರೂಢಿ. ಒಂದನ್ನು ಕಸಿದುಕೊಂಡು ಇನ್ನೊಂದನ್ನು ಕೊಟ್ಟರೆ ಎರಡೂ ಮುಚ್ಚಿದ ಸ್ಥಿತಿಯಲ್ಲೇ ಹಿಂದಕ್ಕೆ ಬರುತ್ತವೆ. ಟಿ. ಎಚ್. ವೈಟ್ ಅವರ 'ದಿ ಸೋರ್ಡ್ ಇನ್ ದಿ ಸ್ಟೋನ್' ತೆಗೆದುಕೊಂಡು ಹೋದವರಿಗೆ ಎಲಿಜಬೆತ್ ಜಾನೆಟ್ ಗ್ರೇ ಅವರ 'ಆ್ಯಡಮ್ ಆಫ್ ದಿ ರೋಡ್' ಕೊಡುತ್ತೇನೆ. ಮೊದಲನೆಯದರಲ್ಲಿ ಮರ್ಲಿನ್ ಎಂಬ ಮಾಂತ್ರಿಕ ಹುಡುಗನನ್ನು ಮೀನನ್ನಾಗಿಯೂ ಡೇಗೆಯನ್ನಾಗಿಯೂ ಮಾಡಿ ಪಾಠ ಹೇಳುತ್ತಾನೆ. ಎರಡನೆಯದರಲ್ಲಿ 1294ರ ಇಂಗ್ಲೆಂಡಿನಲ್ಲಿ ಹನ್ನೊಂದು ವರ್ಷದ ಹುಡುಗನೊಬ್ಬ, ಊರೂರು ತಿರುಗಿ ಹಾಡುವವನ ಮಗ, ಕಳುವಾದ ತನ್ನ ನಾಯಿಯನ್ನೂ ಕೈತಪ್ಪಿದ ತಂದೆಯನ್ನೂ ಹುಡುಕುತ್ತ ರಸ್ತೆ ಹಿಡಿಯುತ್ತಾನೆ. ವೈಟ್ ಅವರ ಭಾಷೆ ಸುಲಭವಲ್ಲ. ಡೇಗೆ ಸಾಕುವುದಕ್ಕೂ ಭರ್ಜಿ ಕಾಳಗಕ್ಕೂ ಸಂಬಂಧಿಸಿದ ಪದಗಳು ಸಾಲುಗಟ್ಟಿ ಬರುತ್ತವೆ, ಮೊದಲ ಎರಡು ಅಧ್ಯಾಯಗಳನ್ನು ಹಿರಿಯರು ಜೊತೆಯಲ್ಲಿ ಕೂತು ಓದಿದರೆ ಮಗು ಮುಂದೆ ತಾನೇ ಸಾಗುತ್ತದೆ.

ಮಧ್ಯಯುಗ ಯುರೋಪಿನ ಸ್ವತ್ತಲ್ಲ ಎಂಬುದನ್ನೂ ನೆನಪಿಡಬೇಕು. ಲಿಂಡಾ ಸೂ ಪಾರ್ಕ್ ಅವರ 'ಎ ಸಿಂಗಲ್ ಶಾರ್ಡ್' ಹನ್ನೆರಡನೇ ಶತಮಾನದ ಕೊರಿಯಾದ ಕುಂಬಾರರ ಊರಿನ ಕಥೆ. ಸೇತುವೆಯ ಕೆಳಗೆ ಬಾಳುವ ಅನಾಥ ಹುಡುಗ ಅದರ ನಾಯಕ.

ಇನ್ನು ವಯಸ್ಸಿಗೆ ತಕ್ಕುದೇ ಎಂಬ ವಿಷಯ. ಸೂಲಗಿತ್ತಿಯ ಪುಸ್ತಕದಲ್ಲಿ ಹೆರಿಗೆಯ ವರ್ಣನೆ ಬರುತ್ತದೆ, ಮುಚ್ಚುಮರೆಯಿಲ್ಲದಿದ್ದರೂ ಅಶ್ಲೀಲವಿಲ್ಲ. ಕುಷ್‌ಮನ್ ಅವರದೇ 'ಕ್ಯಾಥರಿನ್, ಕಾಲ್ಡ್ ಬರ್ಡಿ' 1290ರಲ್ಲಿ ಆರಂಭವಾಗುವ ದಿನಚರಿಯ ರೂಪದಲ್ಲಿದೆ. ಹದಿನಾಲ್ಕರ ಆಸುಪಾಸಿನ ಹುಡುಗಿಯನ್ನು ತಂದೆ ಹಣಕ್ಕಾಗಿ ಮುದುಕನಿಗೆ ಕಟ್ಟಲು ನೋಡುತ್ತಾನೆ, ಅವಳು ಬಂದ ವರಗಳನ್ನೆಲ್ಲ ಓಡಿಸುತ್ತಾಳೆ; ಒಬ್ಬನು ಒಳಗಿರುವಾಗಲೇ ಪಾಯಿಖಾನೆಗೆ ಬೆಂಕಿ ತಗುಲಿಸುತ್ತಾಳೆ. ಮಕ್ಕಳು ನಗುತ್ತಾರೆ. ಅದೇ ವರ್ಷ ಇಂಗ್ಲೆಂಡಿನಿಂದ ಯಹೂದಿಗಳನ್ನು ಹೊರಗಟ್ಟಿದ ಸಂಗತಿಯೂ ಪುಸ್ತಕದಲ್ಲಿದೆ, ಅಲ್ಲಿ ಓದುವ ವೇಗ ತಾನಾಗಿ ಇಳಿಯುತ್ತದೆ.

ತಮ್ಮ ಮಗಳಿಗೆ ಒಂದೇ ಪುಸ್ತಕವನ್ನು ಆರಿಸಿರೆಂದರೆ ನಾನು ಆ್ಯಡಮ್ ಗಿಡ್‌ವಿಟ್ಜ್ ಅವರ 'ದಿ ಇನ್‌ಕ್ವಿಜಿಟರ್ಸ್ ಟೇಲ್' ಆರಿಸುತ್ತೇನೆ. 2016ರ ಪುಸ್ತಕ. ಇನ್‌ಕ್ವಿಜಿಟರ್ ಎಂದರೆ ಮತವಿರೋಧಿಗಳನ್ನು ವಿಚಾರಣೆ ಮಾಡುವ ಚರ್ಚಿನ ಅಧಿಕಾರಿ. ಕಾಲ 1242, ಫ್ರಾನ್ಸಿನ ಒಂದು ಛತ್ರದಲ್ಲಿ ದಾರಿಹೋಕರು ಸೇರಿ ಮೂವರು ವಿಚಿತ್ರ ಮಕ್ಕಳ ಮತ್ತು ಒಂದು ನಾಯಿಯ ಕಥೆಯನ್ನು ಒಬ್ಬೊಬ್ಬರಾಗಿ ಹೇಳುತ್ತಾರೆ. ಡ್ರ್ಯಾಗನ್ನೂ ಇದೆ, ಪ್ಯಾರಿಸ್ಸಿನಲ್ಲಿ ಯಹೂದಿಗಳ ಧರ್ಮಗ್ರಂಥಗಳನ್ನು ಸುಟ್ಟ ನಿಜವಾದ ಘಟನೆಯೂ ಇದೆ, ಪುಟದ ಅಂಚಿನಲ್ಲಿ ಹಳೆಯ ಹಸ್ತಪ್ರತಿಗಳಲ್ಲಿರುವಂಥ ಚಿತ್ರಗಳೂ ಇವೆ. ಬಾಯಲ್ಲಿ ಹೇಳುವ ಕಥೆಗಳಿಂದಲೇ ಕಟ್ಟಿದ ಕಾದಂಬರಿಯಾದ್ದರಿಂದ ಅಜ್ಜಿಗೆ ಹೇಳಲು ಅನುಕೂಲ.

ಪ್ರಶ್ನೆ ಕೇಳಿದವರು, ಎರಡು ವಾರಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ಶಿಕ್ಷಕಿಯವರು ಒಪ್ಪಿದ ಮೇಲೆ 'ಇನ್‌ಕ್ವಿಜಿಟರ್ಸ್ ಟೇಲ್' ತಂದೆವು. ಮೊದಲ ರಾತ್ರಿಯೇ ಒಂದು ಸ್ವಾರಸ್ಯ ನಡೆಯಿತು. ಹೊಲದಿಂದ ಬಂದ ತಂದೆ ತಾಯಿ ನಾಯಿಯ ಬಾಯಲ್ಲಿ ರಕ್ತ ನೋಡಿ, ಮಗುವನ್ನು ಅದೇ ತಿಂದಿತೆಂದು ಭ್ರಮಿಸಿ ಕೊಂದುಬಿಡುತ್ತಾರೆ ಎಂದು ಮಗಳು ಹೇಳುವಷ್ಟರಲ್ಲಿ, ಬತ್ತಿ ಹೊಸೆಯುತ್ತಿದ್ದ ಅತ್ತೆಯವರು ತಲೆಯೆತ್ತದೆ, "ತೊಟ್ಟಿಲ ಕೆಳಗೆ ಹಾವು ಸತ್ತು ಬಿದ್ದಿರುತ್ತೆ, ನೋಡು" ಎಂದರು. ಮಗಳು ಅವಾಕ್ಕಾದಳು. "ಅಜ್ಜಿ, ನೀವು ಈ ಪುಸ್ತಕ ಓದಿದ್ದೀರಾ?" "ನಾಯಿ ಅಲ್ಲ ಕಣೇ, ಅದು ಮುಂಗುಸಿ" ಎಂದು ಅತ್ತೆಯವರು ನೀರು ತರಲು ಹೋದ ತಾಯಿ, ರಕ್ತ ಮೆತ್ತಿದ ಮೂತಿಯ ಮುಂಗುಸಿ, ಅದರ ಮೇಲೆ ಬಿದ್ದ ಕೊಡ, ಎಲ್ಲವನ್ನೂ ಹೇಳಿದರು. ಇದು ಕಾಕತಾಳೀಯವೋ, ಲೇಖಕರು ನಮ್ಮ ಕಥೆಯನ್ನು ತೆಗೆದುಕೊಂಡರೋ?

ಉತ್ತರ 3ರವರಿಂದ ಮತ್ತೆ

ಎರಡೂ ಅಲ್ಲ ಮೇಡಂ. ಆ ನಾಯಿಯ ಕಥೆ ಹದಿಮೂರನೇ ಶತಮಾನದ ಫ್ರಾನ್ಸಿನಲ್ಲಿ ನಿಜವಾಗಿಯೂ ಪ್ರಚಲಿತವಾಗಿತ್ತು. ಲಿಯೋನ್ ನಗರದ ಹತ್ತಿರದ ಹಳ್ಳಿಗಳಲ್ಲಿ ಗಿನ್‌ಫೋರ್ ಎಂಬ ಬೇಟೆನಾಯಿಯನ್ನು ಜನ ಸಂತನೆಂದೇ ನಂಬಿ, ಕಾಯಿಲೆಯ ಕೂಸುಗಳನ್ನು ಅದರ ಸಮಾಧಿಗೆ ತರುತ್ತಿದ್ದರು. ಬೂರ್ಬೋನ್‌ನ ಸ್ಟೀಫನ್ ಎಂಬ ಪಾದ್ರಿ, ಅವನೂ ಒಬ್ಬ ಇನ್‌ಕ್ವಿಜಿಟರ್, ಅಲ್ಲಿಗೆ ಹೋಗಿ ಇದನ್ನು ಕೇಳಿ ಕೆರಳಿ, ನಾಯಿಯ ಎಲುಬುಗಳನ್ನು ಅಗೆಸಿ ಸುಡಿಸಿ, ಸುತ್ತಲಿನ ತೋಪನ್ನೂ ಕಡಿಸಿದನು. ಈ ವಿವರಗಳನ್ನು ಬರೆದಿಟ್ಟವನೂ ಅವನೇ. ಕಾದಂಬರಿಕಾರರು ಆ ನಾಯಿಗೆ ಮತ್ತೆ ಜೀವ ಕೊಟ್ಟಿದ್ದಾರೆ. ಆ ಕಥೆ ಮತ್ತು ಪಂಚತಂತ್ರದ ಮುಂಗುಸಿಯ ಕಥೆ ಒಂದೇ ಬಗೆಯವೆಂದು ಜಾನಪದ ವಿದ್ವಾಂಸರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಪಂಚತಂತ್ರವು ಪಹ್ಲವಿ, ಅರಬ್ಬಿ, ಹೀಬ್ರೂ, ಲ್ಯಾಟಿನ್ ಭಾಷೆಗಳ ಮೂಲಕ ಪಶ್ಚಿಮಕ್ಕೆ ಹೋದದ್ದು ತಿಳಿದ ಸಂಗತಿ. ನಮ್ಮಲ್ಲಿ ದುರ್ಗಸಿಂಹನು ಅದನ್ನು ಕನ್ನಡಕ್ಕೆ ತಂದದ್ದು ಹನ್ನೊಂದನೇ ಶತಮಾನದಲ್ಲಿ.

ವರದಿಯಲ್ಲಿ ಅಜ್ಜಿಯ ಮುಂಗುಸಿಯೂ ಬರಲಿ, ಶಿಕ್ಷಕಿಯವರು ಬೇಡವೆನ್ನಲಾರರು.

ಪ್ರಶ್ನೆ ಕೇಳಿದವರು

ಬಂದಿದೆ, ಒಂದೂವರೆ ಪುಟದಷ್ಟು. ಈಗ ಬರ್ಡಿಯ ದಿನಚರಿ ನಡೆಯುತ್ತಿದೆ. ಮೊದಲ ಪುಟದಲ್ಲೇ ಅವಳನ್ನು ಕಚ್ಚುವ ಹುಳುವಿಗೆ ಕನ್ನಡದಲ್ಲಿ ಏನೆನ್ನುತ್ತಾರೆಂದು ಮಗಳು ಕೇಳಿದಳು. ಚಿಗಟವೆಂದು ಹೇಳಿಕೊಟ್ಟ ಅತ್ತೆಯವರು ನಿನ್ನೆಯಿಂದ ಹಾಸಿಗೆಗಳನ್ನೆಲ್ಲ ಬಿಸಿಲಿಗೆ ಹಾಕಿಸುತ್ತಿದ್ದಾರೆ.