ಒಂದೇ ಸೆಟ್ ಟೈರಲ್ಲಿ ಆಫೀಸೂ ಟ್ರ್ಯಾಕೂ ಎರಡೂ ಆಗತ್ತಾ? ಅನುಭವ ಇರೋರು ದಯವಿಟ್ಟು ಹೇಳಿ

ಪ್ರಶ್ನೆ, ಬೆಂಗಳೂರಿಂದ:

ಎಲ್ರಿಗೂ ನಮಸ್ಕಾರ. ನನ್ ಹತ್ರ 2018ರ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ ಕಾರಿದೆ, ಟೈರ್ ಸೈಜು 195/55 ಆರ್16 (ಅಗಲ 195 ಮಿಲಿಮೀಟರ್, ಪಕ್ಕದ ಗೋಡೆ ಎತ್ತರ ಅದರ ಶೇಕಡಾ 55, ರಿಮ್ 16 ಇಂಚು). ಈಗಿರೋದು 2022ರ ಕೊನೇಲಿ ಹಾಕ್ಸಿದ್ದು, ಟ್ರೆಡ್ (ನೆಲಕ್ಕೆ ತಾಗೋ, ಗೀರುಗಳಿರೋ ರಬ್ಬರ್) 3 ಮಿಲಿಮೀಟರ್ ಚಿಲ್ಲರೆ ಉಳಿದಿದೆ. ದಿನಾ ಸಿಲ್ಕ್ ಬೋರ್ಡ್ ಕಡೆ ಆಫೀಸು, ಜೊತೆಗೆ ಈ ವರ್ಷದಿಂದ ಚೆನ್ನೈ ಹತ್ರ ಇರುಂಗಾಟ್ಟುಕೋಟೈ ಟ್ರ್ಯಾಕ್‌ಗೆ ಆಗಾಗ ಹೋಗ್ಬೇಕು ಅಂತ ಆಸೆ. ಒಂದು ಅಂಗಡೀಲಿ ಇನ್ನೂ ಅಗಲದ 205 ಹಾಕ್ಸಿ ಅಂದ್ರು, ಇನ್ನೊಂದ್ ಕಡೆ ಸೆಮಿ ಸ್ಲಿಕ್ (ಗೀರು ಕಮ್ಮಿ ಇರೋ, ಮೆತ್ತನೆ ರಬ್ಬರಿನ ಟ್ರ್ಯಾಕ್ ಟೈರು) ತರಿಸ್ಕೊಡ್ತೀನಿ ಅಂದ್ರು. ನಾಲ್ಕಕ್ಕೂ ಸೇರಿ 45 ಸಾವಿರದ ಒಳಗೆ ಮುಗೀಬೇಕು. ನೀವೆಲ್ಲ ಏನ್ ಮಾಡಿದೀರ, ಯಾವ್ದು ಹಾಕ್ಸಿದೀರ, ಗಾಳಿ ಎಷ್ಟು ಇಡ್ತೀರ, ಎಲ್ಲ ಹೇಳಿ.

ಬೆಂಗಳೂರಿಂದ ಇನ್ನೊಬ್ಬರು, ಅವರದ್ದೂ ಪೋಲೋ:

ಗುರು, ಟ್ರ್ಯಾಕ್‌ಗೆ ಅಂತ ಟೈರ್ ಹುಡುಕ್ತಿದೀರ ಸರಿ, ಆದ್ರೆ ಒಂದ್ಸಲ ಲೆಕ್ಕ ಹಾಕಿ. ಹೊಸೂರು, ಕೃಷ್ಣಗಿರಿ, ವೆಲ್ಲೂರು, ಶ್ರೀಪೆರಂಬುದೂರು ದಾಟ್ಕೊಂಡು ಅಲ್ಲಿಗೆ ಹೋಗೋಕೆ ಹೆಚ್ಚುಕಮ್ಮಿ 300 ಕಿಲೋಮೀಟರ್, ಬರೋಕೂ ಅಷ್ಟೇ. ಅಲ್ಲಿ ಟ್ರ್ಯಾಕು ಒಂದ್ ಸುತ್ತಿಗೆ 3.7 ಕಿಲೋಮೀಟರ್, ದಿನವಿಡೀ ಸೆಷನ್ ಸಿಕ್ಕಿದ್ರೂ ನೂರೈವತ್ತು ದಾಟೋದು ಕಷ್ಟ. ಅಂದ್ರೆ ಟ್ರ್ಯಾಕ್‌ಗೆ ಹೋದ್ ದಿನಾನೂ ನಿಮ್ ಟೈರ್ ಜಾಸ್ತಿ ಓಡೋದು ಹೈವೇ ಮೇಲೇನೇ, ಅದೂ ಸಾಯಂಕಾಲ ಸುಸ್ತಾಗಿ ವಾಪಸ್ ಬರ್ತಿರುವಾಗ, ಅಕ್ಟೋಬರ್ ನವೆಂಬರ್ ಆದ್ರೆ ತಮಿಳುನಾಡಲ್ಲಿ ಹಿಂಗಾರು ಮಳೆ ಬೇರೆ. ಆ 300 ಕಿಲೋಮೀಟರ್‌ಗೆ ಯಾವ ಟೈರ್ ಬೇಕು ಅಂತ ಮೊದ್ಲು ಯೋಚ್ನೆ ಮಾಡಿ, ಟ್ರ್ಯಾಕ್ ಆಮೇಲೆ.

ಸೆಮಿ ಸ್ಲಿಕ್ ವಿಷ್ಯ ಬಿಟ್ಬಿಡಿ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಕಾರ್ ಟೈರ್ ಆಮದನ್ನ ನಿರ್ಬಂಧದ ಪಟ್ಟಿಗೆ ಸೇರಿಸ್ತು, ಆಗಿಂದ ಲೈಸೆನ್ಸ್ ಇಲ್ದೆ ಯಾರೂ ತರಿಸೋ ಹಾಗಿಲ್ಲ, ಐಎಸ್‌ಐ ಮಾರ್ಕೂ ಬೇಕು. ಹಾಗಿರುವಾಗ ನಿಮಗೆ ತರಿಸ್ಕೊಡ್ತೀನಿ ಅಂದ ಟೈರ್ ಎಲ್ಲಿಂದ ಬರತ್ತೆ, ಎಷ್ಟು ವರ್ಷದಿಂದ ಗೋಡೌನಲ್ಲಿ ಕೂತಿದೆ ಅಂತ ಕೇಳಿ. ಸೈಡ್‌ವಾಲ್, ಅಂದ್ರೆ ಟೈರಿನ ಪಕ್ಕದ ಗೋಡೆ ಮೇಲೆ ಡಾಟ್ ಅಂತ ಇರೋ ಸಾಲಿನ ಕೊನೇಲಿ ನಾಲ್ಕು ಅಂಕಿ ಇರತ್ತೆ, 2324 ಅಂದ್ರೆ 2024ರ 23ನೇ ವಾರ ತಯಾರಾಗಿದ್ದು. ಪರ್ಫಾರ್ಮೆನ್ಸ್ ಟೈರಲ್ಲಿ ನಾವು ದುಡ್ಡು ಕೊಡೋದೇ ಆ ಮೆತ್ತನೆ ರಬ್ಬರ್‌ಗೆ, ಅದು ಕೂತ್ ಕಡೇನೇ ಗಟ್ಟಿಯಾಗ್ತಾ ಹೋಗತ್ತೆ. ವರ್ಷ ದಾಟಿದ್ದನ್ನ ಹೊಸಾ ಟೈರಿನ ರೇಟಿಗೆ ನಾನಂತೂ ತಗೊಳಲ್ಲ.

ಈಗ ನಿಮ್ ಪ್ರಶ್ನೆಗೆ ಬರ್ತೀನಿ. ಅಂಗಡೀಲಿ ಯಾರೂ ಹೇಳಲ್ಲ, ಆದ್ರೆ ಹೊಸಾ ರೋಡ್ ಟೈರು ಟ್ರ್ಯಾಕ್‌ಗೆ ಒಳ್ಳೇದಲ್ಲ. ಹೊಸದ್ರಲ್ಲಿ ಟ್ರೆಡ್ ಆಳ 8 ಮಿಲಿಮೀಟರ್ ಹತ್ರ ಇರತ್ತೆ, ಜೋರಾಗಿ ಕಾರ್ನರ್ ತಗೊಂಡಾಗ ಆ ಎತ್ತರದ ರಬ್ಬರ್ ಬ್ಲಾಕುಗಳು ಆ ಕಡೆ ಈ ಕಡೆ ಬಾಗ್ತವೆ, ಬಾಗಿ ಬಾಗಿ ಬಿಸಿ ಏರ್ತವೆ, ಮೂರ್ನಾಲ್ಕು ಸುತ್ತು ಒಂದೇ ಸಮ ಜೋರಾಗಿ ಹೋದ್ರೆ ಸ್ಟೀರಿಂಗ್ ಎಣ್ಣೆ ಮೇಲೆ ಓಡ್ತಿರೋ ಥರ ಆಗತ್ತೆ, ಇನ್ನೂ ಮುಂದುವರೆಸಿದ್ರೆ ಹೊರ ಅಂಚಿಂದ ತುಂಡು ತುಂಡಾಗಿ ಕಿತ್ಕೊಂಡು ಬರತ್ತೆ. ಅದೇ ಟೈರು ಸವೆದು 4 ಮಿಲಿಮೀಟರ್‌ಗೆ ಬಂದಾಗ ಬ್ಲಾಕ್ ಗಿಡ್ಡ ಆಗಿರತ್ತೆ, ಅಲ್ಲಾಡಲ್ಲ, ಟ್ರ್ಯಾಕಲ್ಲಿ ಗಟ್ಟಿಯಾಗಿ ನಿಲ್ಲತ್ತೆ. ಹೊರದೇಶದಲ್ಲಿ ರೋಡ್ ಟೈರಲ್ಲಿ ರೇಸ್ ಮಾಡೋರು ಹೊಸಾ ಟೈರನ್ನೇ ಮಿಷಿನ್‌ಗೆ ಕೊಟ್ಟು ಹೆರೆಸಿ ಹಾಕ್ಕೊಳೋದು ಇದಕ್ಕೇ. ಆದ್ರೆ ಮಳೇಲಿ ಪೂರ್ತಿ ಉಲ್ಟಾ, ಅಲ್ಲಿ ಆಳ ಇದ್ದಷ್ಟೂ ಒಳ್ಳೇದು.

ಅದಕ್ಕೆ ನಾನ್ ಹೇಳೋದು, ಈಗಿರೋ ಟೈರ್ ಎಕ್ಸ್‌ಚೇಂಜ್‌ಗೆ ಕೊಡ್ಬೇಡಿ. ಬಿರುಕು, ಊತ ಏನೂ ಇಲ್ಲ ಅಂದ್ರೆ ಅದೇ ನಿಮ್ ಮೊದಲನೇ ಟ್ರ್ಯಾಕ್ ಸೆಟ್ಟು. ಕಾರ್ ಪಾರ್ಟ್ಸ್ ಸಿಗೋ ಜೆಸಿ ರೋಡಲ್ಲಿ ಇದೇ ಪೋಲೋದ 16 ಇಂಚಿನ ಹಳೇ ರಿಮ್ ನಾಲ್ಕು ಹುಡುಕಿ, ಬೆಂಡ್ ಇಲ್ಲ ಅಂತ ಬ್ಯಾಲೆನ್ಸಿಂಗ್ ಮಿಷಿನ್ ಮೇಲೆ ತಿರುಗಿಸಿ ನೋಡಿನೇ ತಗೊಳಿ, ಅದಕ್ಕೆ ಹಳೇ ಟೈರ್ ಹಾಕ್ಸಿ. ಹಿಂದಿನ ಸೀಟ್ ಮಡಚಿದ್ರೆ ನಾಲ್ಕೂ ಪೋಲೋ ಒಳಗೇ ಹಿಡಿಯತ್ತೆ, ಅಲ್ಲಿ ಹೋಗಿ ಬದಲಾಯಿಸ್ಕೊಳಿ. ಹೊಸಾ ಟೈರು ರೋಡಿಗೆ. ಅದು ಅರ್ಧ ಸವೆದ ಮೇಲೆ ಟ್ರ್ಯಾಕ್‌ಗೆ ಇಳಿಸಿ, ರೋಡಿಗೆ ಮತ್ತೆ ಹೊಸದು. ಹೀಗೆ ಮಾಡಿದ್ರೆ ಯಾವ ಟೈರೂ ವೇಸ್ಟ್ ಆಗಲ್ಲ.

ಹೆಸರು ಬೇಕು ಅಂದ್ರೆ ಮಿಶೆಲಿನ್ ಪೈಲಟ್ ಸ್ಪೋರ್ಟ್, ಕಾಂಟಿನೆಂಟಲ್ ಅಲ್ಟ್ರಾಕಾಂಟ್ಯಾಕ್ಟ್, ಅಪೋಲೋದವರ ವ್ರೆಡೆಸ್ಟೈನ್, ಈ ಸಾಲಲ್ಲಿ ನಿಮ್ ಸೈಜಿಗೆ ಹೊಸಾ ಡೇಟ್‌ದು ಯಾವ್ದು ಸಿಗತ್ತೋ ಅದು. ಟ್ರೆಡ್‌ವೇರ್ ನಂಬರ್ (ಟೈರ್ ಎಷ್ಟು ನಿಧಾನಕ್ಕೆ ಸವೆಯತ್ತೆ ಅನ್ನೋ ಅಂಕಿ) ನೋಡಿ ಎರಡು ಕಂಪನಿ ಹೋಲಿಸ್ಬೇಡಿ, ಆ ನಂಬರ್ ಆಯಾ ಕಂಪನಿಯವರೇ ಪರೀಕ್ಷೆ ಮಾಡಿ ಕೊಟ್ಕೊಳೋದು, ಒಂದೇ ಕಂಪನಿಯ ಎರಡು ಟೈರ್ ನಡುವೆ ಮಾತ್ರ ಅದು ಉಪಯೋಗ. ನಾನು ಅದಕ್ಕಿಂತ ಮುಖ್ಯವಾಗಿ ನೋಡೋದು ಪ್ಯಾಟರ್ನು. ಬಾಣದ ಗುರುತು ಇದ್ದು ಒಂದೇ ದಿಕ್ಕಿಗೆ ತಿರುಗೋ ಥರದ್ದು ಬೇಡ, ಒಳಗಡೆ ಹೊರಗಡೆ ಅಂತ ಬರೆದಿರೋ ಅಸಿಮೆಟ್ರಿಕ್ ತಗೊಳಿ. ಚೆನ್ನೈ ಟ್ರ್ಯಾಕಲ್ಲಿ ಗಡಿಯಾರದ ಮುಳ್ಳು ತಿರುಗೋ ಕಡೆಗೇ ಓಡೋದು, ಜಾಸ್ತಿ ಬಲಕ್ಕೇ ತಿರುಗ್ತೀರ, ಫ್ರಂಟ್ ವೀಲ್ ಡ್ರೈವ್ ಬೇರೆ, ಭಾರ ಎಲ್ಲ ಎಡಗಡೆ ಮುಂದಿನ ಚಕ್ರದ ಮೇಲೆ ಬೀಳತ್ತೆ. ಸೆಷನ್ ಮುಗಿಸಿ ಪಿಟ್‌ಗೆ (ಟ್ರ್ಯಾಕ್ ಪಕ್ಕ ಕಾರ್ ನಿಲ್ಸೋ ಜಾಗ) ಬಂದಾಗ ಆ ಟೈರಿನ ಹೊರ ಅಂಚು ನೋಡಿ, ರಬ್ಬರ್ ಸುರುಳಿ ಸುರುಳಿಯಾಗಿ ಎದ್ದು ಅಂಟ್ಕೊಂಡಿರತ್ತೆ, ಒಳಗಿನ ಅರ್ಧ ಏನೂ ಆಗ್ದೇ ಇರೋ ಥರ ಇರತ್ತೆ. ಅಸಿಮೆಟ್ರಿಕ್ ಆದ್ರೆ ಮಧ್ಯಾಹ್ನ ಊಟದ ಹೊತ್ತಿಗೆ ಎಡದ್ದನ್ನ ಬಲಕ್ಕೆ ಹಾಕ್ಕೊಂಡು ದಿನ ಮುಗಿಸ್ಬಹುದು. ಬಾಣದ ಟೈರಲ್ಲಿ ಹಾಗೆ ಆಗಲ್ಲ, ರಿಮ್ಮಿಂದ ಬಿಚ್ಚಿ ತಿರುಗಿಸಿ ಹಾಕ್ಬೇಕು.

ಹುಬ್ಬಳ್ಳಿಯಿಂದ, ಟೈರ್ ಅಂಗಡಿಯವರು:

ನಮಸ್ಕಾರ್ರೀ. ನಾ ಟ್ರ್ಯಾಕ್ ಮ್ಯಾಲ ಓಡ್ಸಿಲ್ಲ, ಆದ್ರ ದಿನಾ ಟೈರ್ ಬಿಚ್ಚಿ ಹಾಕೋ ಕೆಲಸ ನಮ್ದು. ಮ್ಯಾಲಿನವರು ಹೇಳಿದ್ದು ಖರೇ ಐತ್ರಿ. 205ರ ಬಗ್ಗೆ ನಾ ಹೇಳ್ತೀನಿ. 205/55 ಹಾಕಿದ್ರ ಸುತ್ತಳತಿ ಶೇಕಡಾ 1.8 ದೊಡ್ಡದಾಗ್ತೈತಿ, ಗೇರು ಅಷ್ಟು ಉದ್ದ ಆದಂಗ, ಪಿಕಪ್ ಕಮ್ಮಿ ಆಗ್ತೈತಿ, ಟ್ರ್ಯಾಕಿಗೆ ಅದು ಬ್ಯಾಡ. 205/50 ಹಾಕಿದ್ರ ಶೇಕಡಾ 1.5 ಸಣ್ಣದಾಗ್ತೈತಿ, ಪಿಕಪ್ ಚಲೋ ಅನಸ್ತೈತಿ, ಆದ್ರ ಸೈಡ್‌ವಾಲ್ ಗಿಡ್ಡ ಆತು, ಗುಂಡಿಗೆ ಬಿದ್ರ ರಿಮ್ಮು ಟೈರು ಎರಡೂ ಹೋದಂಗ. ಬೆಂಗಳೂರಾಗ ಓಡ್ಸೋರು 195/55 ಬಿಟ್ಟು ಎಲ್ಲೂ ಹೋಗಬ್ಯಾಡ್ರಿ. ಹತ್ತು ಮಿಲಿಮೀಟರ್ ಅಗಲಕ್ಕಿಂತ ಚಲೋ ರಬ್ಬರ್ ಇರೋ ಟೈರ್ ತಗೊಂಡ್ರ ಹಿಡಿತ ಭಾಳ ಹೆಚ್ಚು ಸಿಗ್ತೈತಿ.

ಸೈಜಿನ ಮುಂದ 87ವಿ ಅಂತ ಬರ್ದಿರ್ತಾರ, 87 ಅಂದ್ರ ಒಂದ್ ಟೈರ್ 545 ಕೆಜಿ ಹೊರ್ತೈತಿ, ವಿ ಅಂದ್ರ ಗಂಟೆಗೆ 240 ಕಿಲೋಮೀಟರ್ ತನಕ. ಇದಕ್ಕಿಂತ ಕಮ್ಮಿದು ಅಗ್ಗಕ್ಕ ಸಿಕ್ತು ಅಂತ ಹಾಕಸ್ಕೋಬ್ಯಾಡ್ರಿ. ಇನ್ನೊಂದು, ಪಂಚರ್ ಆದಾಗ ಹೊರಗಿಂದ ಸ್ಟ್ರಿಪ್ ತುರುಕಿದ ಟೈರ್ ಟ್ರ್ಯಾಕಿಗೆ ಒಯ್ಯಬ್ಯಾಡ್ರಿ. ಬಿಚ್ಚಿಸಿ ಒಳಗಿಂದ ಪ್ಯಾಚ್ ಹಾಕಿಸಿದ್ರ ರೋಡಿಗೆ ನಡಿತೈತಿ. ಬಿಚ್ಚಿದಾಗ ಒಳಗ ಕೈಯಾಡ್ಸಿ ನೋಡ್ರಿ, ಗುಂಡಿ ಹೊಡ್ತ ತಿಂದ ಟೈರಿನ್ಯಾಗ ದಾರ ಹರಿದಿದ್ರ ಬೆರಳಿಗೆ ಸಣ್ಣ ಗೆರಿ ಸಿಗ್ತೈತಿ, ಹೊರಗ ಏನೂ ಕಾಣಂಗಿಲ್ಲ. ಅಂಥಾದ್ದು ಟ್ರ್ಯಾಕಿನ ಬಿಸಿಗೆ ತಡ್ಯಂಗಿಲ್ಲ.

ಮಂಗಳೂರಿಂದ:

ಎಲ್ಲ ಸರಿ, ಆದ್ರೆ ಸವೆದ ಟೈರಲ್ಲಿ ಟ್ರ್ಯಾಕ್ ಮಾಡಿ ಅದರಲ್ಲೇ ಮನೆಗೆ ಬರುವ ಐಡಿಯಾ ಯಾರಿಗೂ ಬರುದು ಬೇಡ ಮಾರ್ರೆ. ನಾವು ಜೂನಿಂದ ಸೆಪ್ಟೆಂಬರ್ ತನಕ ಶಿರಾಡಿಯಲ್ಲಿ ಹತ್ತಿ ಇಳಿಯುವವರು, ನೀರು ನಿಂತ ರಸ್ತೆಯಲ್ಲಿ ಟೈರ್ ತೇಲುದು ಅಂದ್ರೆ ಏನೂಂತ ಗೊತ್ತುಂಟು. ಸ್ಟೀರಿಂಗ್ ಒಮ್ಮೆಲೇ ಹಗುರ ಆಗ್ತದೆ, ಇಂಜಿನ್ ಸೌಂಡ್ ಸ್ವಲ್ಪ ಏರ್ತದೆ, ಬ್ರೇಕ್ ಒತ್ತಿದ್ರೆ ಏನೂ ಇಲ್ಲ. ಕಾನೂನಿಗೆ ಟ್ರೆಡ್ 1.6 ಮಿಲಿಮೀಟರ್ ಇದ್ರೆ ಸಾಕು, ನಾನು ಮಳೆಗಾಲಕ್ಕೆ 3ಕ್ಕಿಂತ ಕೆಳಗೆ ಇಡುದಿಲ್ಲ.

ಮತ್ತೆ ಗಾಳಿ. ಇದನ್ನು ತುಂಬ ಜನ ಮರೆಯುದು. 1960ರ ದಶಕದಲ್ಲಿ ನಾಸಾದವರು ವಿಮಾನದ ಚಕ್ರಗಳ ಮೇಲೆ ಪರೀಕ್ಷೆ ಮಾಡಿ ಒಂದು ಲೆಕ್ಕ ಕೊಟ್ಟಿದ್ದಾರೆ, ನಿಂತ ನೀರಲ್ಲಿ ಟೈರ್ ತೇಲುವ ಸ್ಪೀಡ್ ಗಾಳಿಯ ಒತ್ತಡದ ವರ್ಗಮೂಲದ ಮೇಲೆ ಹೋಗ್ತದೆ ಅಂತ. ಅದರ ಪ್ರಕಾರ 32 ಪಿಎಸ್‌ಐ ಇದ್ರೆ ಸುಮಾರು 94 ಕಿಲೋಮೀಟರ್ ಸ್ಪೀಡು, 26ಕ್ಕೆ ಇಳಿಸಿದ್ರೆ 85. ಟ್ರೆಡ್ ಚೆನ್ನಾಗಿದ್ರೆ ಇನ್ನೂ ಸ್ವಲ್ಪ ಮೇಲೆ ಹೋಗ್ಬಹುದು, ಆದ್ರೆ ಟ್ರ್ಯಾಕಲ್ಲಿ ಗಾಳಿ ಇಳಿಸಿ ಅದೇ ಗಾಳಿಯಲ್ಲಿ ಸವೆದ ಟೈರಿನ ಮೇಲೆ ವೆಲ್ಲೂರು ದಾಟುವಾಗ ಮಳೆ ಬಂದ್ರೆ ಏನಾಗ್ತದೆ ಯೋಚನೆ ಮಾಡಿ. ಅಲ್ಲಿ 80ರಲ್ಲಿ ಯಾರು ಹೋಗ್ತಾರೆ ಹೇಳಿ.

ಜರ್ಮನಿಯಿಂದ ಮೈಸೂರಿನವರೊಬ್ಬರು:

ನಾನಿರೋದು ಕಲೋನ್ ಹತ್ರ, ನ್ಯೂರ್‌ಬರ್ಗ್‌ರಿಂಗ್ ರೇಸ್ ಟ್ರ್ಯಾಕ್‌ಗೆ ಹೋಗ್ತಾ ಇರ್ತೀನಿ. ಅಲ್ಲಿಯ ಹಳೇ ಟ್ರ್ಯಾಕು ನಾರ್ಡ್‌ಷ್ಲೈಫೆ ಒಂದ್ ಸುತ್ತಿಗೆ 20.8 ಕಿಲೋಮೀಟರ್, ಪಬ್ಲಿಕ್‌ಗೆ ಬಿಡೋ ಹೊತ್ತಲ್ಲಿ ಅದು ಟೋಲ್ ರೋಡ್ ಲೆಕ್ಕ, ರಸ್ತೆ ಕಾನೂನೇ ಅಲ್ಲೂ, ರೋಡಿಗೆ ಅನುಮತಿ ಇರೋ ಟೈರೇ ಆಗ್ಬೇಕು. ಅದಕ್ಕೇ ಇಲ್ಲಿ ತುಂಬ ಜನ ಪೈಲಟ್ ಸ್ಪೋರ್ಟ್ ಕಪ್ 2 ಥರದ, ರೋಡಿಗೂ ಅನುಮತಿ ಇರೋ ಸೆಮಿ ಸ್ಲಿಕ್ ಹಾಕ್ತಾರೆ. ಒಣಗಿರೋ ರಸ್ತೇಲಿ ಅದ್ಭುತ, ಸಂಶಯ ಇಲ್ಲ. ಆದ್ರೆ ಇಲ್ಲಿ ಬೆಟ್ಟದ ಮೇಲೆ ಒಂದ್ ಕಡೆ ಬಿಸಿಲು ಇನ್ನೊಂದ್ ಕಡೆ ಮಳೆ, ತಣ್ಣಗಿರೋ ಒದ್ದೆ ರಸ್ತೇಲಿ ಅದನ್ನ ಬೆಚ್ಚಗೆ ಮಾಡೋದೇ ಕಷ್ಟ, ಅಲ್ಲಿ ಸಾಮಾನ್ಯ ಪೈಲಟ್ ಸ್ಪೋರ್ಟ್ ಹಾಕಿರೋರು ಆರಾಮಾಗಿ ಹೋಗ್ತಿರ್ತಾರೆ.

ನಾನ್ ಇದನ್ನ ಬರೀತಿರೋದು ಯಾಕಂದ್ರೆ ಊರಲ್ಲಿ ಸ್ನೇಹಿತರು ಯುರೋಪಿನ ವಿಡಿಯೋ ನೋಡಿ ಟೈರ್ ಆರಿಸ್ತಾರೆ. ಇಲ್ಲಿಯ ಪರೀಕ್ಷೆ ಎಲ್ಲ ಇಲ್ಲಿಯ ಚಳಿಗೆ. ಚೆನ್ನೈಲಿ ಗಾಳಿನೇ 35 ಡಿಗ್ರಿ, ಟಾರು ಇನ್ನೂ ಬಿಸಿ, ಅಲ್ಲಿ ಟೈರ್ ಬೆಚ್ಚಗೆ ಮಾಡೋ ಚಿಂತೆನೇ ಇಲ್ಲ, ತಣ್ಣಗೆ ಇಟ್ಕೊಳೋದೇ ಕೆಲಸ. ಎರಡು ಸುತ್ತು ಜೋರಾಗಿ, ಒಂದು ಸುತ್ತು ನಿಧಾನ, ಮತ್ತೆ ಜೋರು, ಹೀಗೆ ಓಡ್ಸಿದ್ರೆ ಟೈರೂ ಉಳಿಯತ್ತೆ ಬ್ರೇಕೂ ಉಳಿಯತ್ತೆ. ಸಾಧ್ಯ ಆದ್ರೆ ಜನವರಿ ಫೆಬ್ರವರಿ ಡೇಟ್ ಹಿಡೀರಿ.

ಬ್ರೇಕ್ ಅಂದಾಗ ನೆನಪಾಯ್ತು, ಟೈರಿಗೆ ಮುಂಚೆ ಬ್ರೇಕ್ ಆಯಿಲ್ ಬದಲಾಯಿಸಿ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕಮ್ಮಿ ಅಂದ್ರೂ 230 ಡಿಗ್ರಿ ತನಕ ಕುದಿಯಲ್ಲ, ನೀರು ಹೀರ್ಕೊಂಡು ಹಳೇದಾದ್ರೆ ಆ ಮಟ್ಟ 155ಕ್ಕೆ ಇಳಿದಿರ್ಬಹುದು. ಟೈರ್ ಹಿಡಿತ ಜಾಸ್ತಿ ಆದಷ್ಟೂ ಬ್ರೇಕ್ ಮೇಲೆ ಹೊರೆ ಜಾಸ್ತಿ.

ಪ್ರಶ್ನೆ ಕೇಳಿದವರು:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಹೇಳ್ತೀರ ಅಂತ ಅನ್ಕೊಂಡೇ ಇರ್ಲಿಲ್ಲ. 205 ಕ್ಯಾನ್ಸಲ್, ಸೆಮಿ ಸ್ಲಿಕ್ ಕ್ಯಾನ್ಸಲ್, ಈ ಭಾನುವಾರ ರಿಮ್ ಹುಡುಕೋಕೆ ಹೋಗ್ತೀನಿ. ಗಾಳಿ ಎಷ್ಟು ಅಂತ ಒಬ್ರು ಸ್ವಲ್ಪ ಬಿಡಿಸಿ ಹೇಳಿ, ಟ್ರ್ಯಾಕಲ್ಲಿ ಇಳಿಸ್ಬೇಕಾ ಏರಿಸ್ಬೇಕಾ?

ಮೊದಲು ಉತ್ತರ ಕೊಟ್ಟ ಪೋಲೋದವರು:

ಬೆಳಿಗ್ಗೆ ತಣ್ಣಗಿರುವಾಗ ಇಷ್ಟು ಅಂತ ನಂಬರ್ ಹೇಳೋದ್ರಲ್ಲಿ ಅರ್ಥ ಇಲ್ಲ, ಬಿಸಿ ಆದ್ಮೇಲೆ ಎಷ್ಟಿರತ್ತೆ ಅನ್ನೋದೇ ಲೆಕ್ಕ. ಟೈರ್ ಒಳಗಿನ ಗಾಳಿ ಸುಮಾರು 5ರಿಂದ 6 ಡಿಗ್ರಿ ಬಿಸಿ ಏರಿದ್ರೆ 1 ಪಿಎಸ್‌ಐ ಜಾಸ್ತಿ ಆಗತ್ತೆ, ಹಾಗಾಗಿ 33ರಲ್ಲಿ ಒಳಗೆ ಹೋದೋರು ಆಚೆ ಬರುವಾಗ 40ರ ಹತ್ರ ಇರ್ತಾರೆ. ಅಷ್ಟಕ್ಕೆ ಮಧ್ಯ ಉಬ್ಬಿ ಅಂಚು ನೆಲ ಹಿಡಿಯಲ್ಲ. ಹಾಗಂತ ಶುರುವಲ್ಲೇ 25ಕ್ಕೆ ಇಳಿಸ್ಬೇಡಿ, ಸೈಡ್‌ವಾಲ್ ಮಡಚ್ಕೊಂಡು ಓಡತ್ತೆ, ಅದೇ ಟೈರ್ ಹಾಳ್ ಮಾಡೋದು. ಮುಂದಿನ ಎರಡಕ್ಕೆ ಬಿಸಿ ಇರುವಾಗ 36 ಆಸುಪಾಸು ಇಟ್ಕೊಂಡು ಶುರು ಮಾಡಿ, ಆಮೇಲೆ ಟೈರನ್ನೇ ಕೇಳಿ. ಟ್ರೆಡ್ ಮುಗಿದು ಸೈಡ್‌ವಾಲ್ ಶುರುವಾಗೋ ಅಂಚಲ್ಲಿ ಸಣ್ಣ ತ್ರಿಕೋನದ ಗುರುತು ಇರತ್ತೆ, ಅದರ ಮೇಲೆ ಚಾಕ್‌ಪೀಸಲ್ಲಿ ಅಡ್ಡ ಗೆರೆ ಎಳೀರಿ. ಸೆಷನ್ ಆದ್ಮೇಲೆ ಗೆರೆ ತ್ರಿಕೋನದ ತನಕ ಅಳಿಸಿದ್ರೆ ಸರಿಯಾಗಿದೆ, ಅದನ್ನೂ ದಾಟಿ ಕೆಳಗೆ ಅಳಿಸಿದ್ರೆ ಗಾಳಿ ಕಮ್ಮಿ, ಮೇಲೇ ನಿಂತಿದ್ರೆ ಜಾಸ್ತಿ. ಪಿಟ್‌ಗೆ ಬಂದ ತಕ್ಷಣ ನೋಡ್ಬೇಕು, ಹತ್ತು ನಿಮಿಷ ಬಿಟ್ಟು ನೋಡಿದ್ರೆ ನಂಬರ್ ಇಳಿದಿರತ್ತೆ. ಬಂಕಲ್ಲಿ ಒಂದೊಂದು ಮೀಟರ್ ಒಂದೊಂದ್ ಥರ ತೋರಿಸತ್ತೆ, ನಿಮ್ದೇ ಒಂದು ಗೇಜ್ ತಗೊಳಿ, ಸಿಗರೇಟ್ ಸಾಕೆಟ್‌ಗೆ ಹಾಕೋ ಪಂಪೂ ಇರ್ಲಿ.

ಬ್ರೇಕ್ ಕಾದಿರತ್ತೆ, ಹ್ಯಾಂಡ್‌ಬ್ರೇಕ್ ಹಾಕ್ಬೇಡಿ ಪಿಟ್ಟಲ್ಲಿ, ಗೇರಲ್ಲಿ ನಿಲ್ಸಿ ಚಕ್ರಕ್ಕೆ ಕಲ್ಲು ಕೊಡಿ. ವಾಪಸ್ ಹೊರಡೋ ಮುಂಚೆ ಟೈರ್ ಪೂರ್ತಿ ತಣ್ಣಗಾಗ್ಲಿ, ರೋಡ್ ಸೆಟ್ ಹಾಕ್ಕೊಂಡು ಕಾರಲ್ಲಿ ಅಂಟಿಸಿರೋ ಸ್ಟಿಕರ್‌ನಲ್ಲಿ ಎಷ್ಟಿದೆಯೋ ಅಷ್ಟು ಗಾಳಿ ತುಂಬಿಸಿ, ಬೋಲ್ಟ್ ಟಾರ್ಕ್ ರೆಂಚಲ್ಲಿ 120 ನ್ಯೂಟನ್ ಮೀಟರ್‌ಗೆ ಬಿಗಿ ಮಾಡಿ, ಶ್ರೀಪೆರಂಬುದೂರು ದಾಟಿ ಎಲ್ಲಾದ್ರೂ ಕಾಫಿಗೆ ನಿಲ್ಸಿದಾಗ ಇನ್ನೊಂದ್ಸಲ ರೆಂಚ್ ಇಟ್ಟು ನೋಡಿ. ರಿಮ್ ಸಿಕ್ಕಿದ್ಮೇಲೆ ಫೋಟೋ ಹಾಕಿ, ಆಫ್‌ಸೆಟ್ ನಂಬರ್ (ಚಕ್ರ ಎಷ್ಟು ಒಳಗೆ ಅಥವಾ ಹೊರಗೆ ಕೂರತ್ತೆ ಅನ್ನೋ ಅಳತೆ) ನೋಡಿ ಹೇಳ್ತೀನಿ.